ಚುರುಟಿನ ಹೊತ್ತಿನ ಚರ್ಚೆಗೆ ಪೂರ್ಣ ಸ್ಕೋರ್‌ಪಟ್ಟಿ ಬೇಕು

ಮಾನ್ಯ ಸಂಪಾದಕರಿಗೆ,

ಮಾಗಿದ ಚುರುಟು ಸೇದುತ್ತ, ವಿಸ್ಕಿ ಹೀರುತ್ತ, ಐಪಿಎಲ್ ಬಗ್ಗೆ ಹರಟೆ ಹೊಡೆಯುವ ಹೊಸ ಶೋಕಿಯೊಂದು ಬೆಂಗಳೂರಿನ ಕ್ಲಬ್ಬುಗಳಿಂದ ಹೊರಟು ಕೋಲಾರ, ಚಿಕ್ಕಬಳ್ಳಾಪುರಗಳಂಥ ಊರುಗಳಿಗೂ ಬಂದು ತಲುಪಿದೆ ಎಂದು ತಮ್ಮ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಲೇಖಕರು ನಮ್ಮನ್ನು ನೋಡಿ ಬರೆದವರಲ್ಲ. ಆದರೂ ಕೋಲಾರದ ಅಂತರಗಂಗೆ ಬೆಟ್ಟ ಕಾಣುವ ತಾರಸಿಯೊಂದರಲ್ಲಿ ಕುರ್ಚಿ ಹಾಕಿಕೊಂಡು ಬಹುಕಾಲದಿಂದ ಇದನ್ನೇ ಮಾಡುತ್ತ ಬಂದಿರುವ ನಾಲ್ವರಲ್ಲಿ ನಾನೂ ಒಬ್ಬ. ಹಾಗಾಗಿ ಲೇಖನದ ಕೆಲವು ತಪ್ಪುಗಳನ್ನು ತಿದ್ದುವುದಕ್ಕೂ, ಅದಕ್ಕಿಂತ ಮುಖ್ಯವಾಗಿ ತಮ್ಮ ಕ್ರೀಡಾಪುಟದ ಬಗ್ಗೆ ಒಂದು ಬೇಡಿಕೆ ಸಲ್ಲಿಸುವುದಕ್ಕೂ ಅವಕಾಶ ಕೋರುತ್ತೇನೆ.

ಮೊದಲು ವಿಸ್ಕಿಯ ಮಾತು. ಮನೆಯ ಕಪಾಟಿನಲ್ಲಿ ಇಪ್ಪತ್ತು ವರ್ಷ ಇಟ್ಟ ಬಾಟಲಿ ಇಪ್ಪತ್ತು ವರ್ಷ ಮಾಗುತ್ತದೆ ಎಂಬ ಅರ್ಥ ಬರುವಂತೆ ಲೇಖಕರು ಬರೆದಿದ್ದಾರೆ. ವಿಸ್ಕಿ ಮಾಗುವುದು ಮರದ ಪೀಪಾಯಿಯಲ್ಲಿ ಮಾತ್ರ. ಗಾಜಿನ ಬಾಟಲಿಗೆ ಇಳಿಸಿ ಮುಚ್ಚಳ ಬಿಗಿದ ದಿನಕ್ಕೆ ಅದರ ವಯಸ್ಸು ನಿಂತುಹೋಗುತ್ತದೆ. ಸ್ಕಾಟ್ಲೆಂಡಿನ ವಿಸ್ಕಿ ಸ್ಕಾಚ್ ಎಂದು ಕರೆಸಿಕೊಳ್ಳಬೇಕಾದರೆ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆದಿರಬೇಕು ಎಂಬುದು ಅಲ್ಲಿನ ಕಾನೂನು, ಮತ್ತು ಲೇಬಲ್ಲಿನ ಮೇಲೆ 12 ಎಂದೋ 18 ಎಂದೋ ಕಾಣುವ ಸಂಖ್ಯೆ ಆ ಮಿಶ್ರಣದಲ್ಲಿರುವ ಅತಿ ಕಿರಿಯ ವಿಸ್ಕಿಯ ವಯಸ್ಸು. ಅಜ್ಜ ತಂದಿಟ್ಟ ಬಾಟಲಿಗೆ ಕುಟುಂಬದ ಮಮತೆ ಸೇರಿಕೊಳ್ಳಬಹುದು, ರುಚಿಯಂತೂ ಸೇರುವುದಿಲ್ಲ. ಒಮ್ಮೆ ತೆರೆದು ಅರ್ಧಕ್ಕೆ ಬಿಟ್ಟ ಬಾಟಲಿಯಲ್ಲಿ ಗಾಳಿಯಾಡಿ ಇದ್ದ ಪರಿಮಳವೂ ಮಂಕಾಗುತ್ತದೆ.

ವಯಸ್ಸು ಹೆಚ್ಚಿದಷ್ಟೂ ವಿಸ್ಕಿ ಶ್ರೇಷ್ಠ ಎಂಬ ಇನ್ನೊಂದು ಮಾತು ನಮ್ಮ ಸೀಮೆಯ ಹವೆಗೆ ಹೊಂದುವುದೇ ಇಲ್ಲ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋದರೆ, ನಮ್ಮ ನೆರೆಯ ಬೆಂಗಳೂರಿನಲ್ಲಿ ಆ ಪ್ರಮಾಣ ಶೇ 10ನ್ನು ದಾಟುತ್ತದೆ. ಬಿಸಿಲಿಗೆ ಮರವೂ ಮದ್ಯವೂ ಬೇಗ ಬೆರೆಯುವುದರಿಂದ ಇಲ್ಲಿಯ ನಾಲ್ಕೈದು ವರ್ಷದ ಮಾಲ್ಟಿಗೆ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿಗೆ, ಅಲ್ಲಿಯ ಎಷ್ಟೋ ಹೆಚ್ಚು ವರ್ಷದ ಪ್ರೌಢತೆ ಬರುತ್ತದೆ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಭಟ್ಟಿಯಲ್ಲಿ ತಯಾರಾದ ಮಾಲ್ಟನ್ನು) 2004ರಲ್ಲಿ, ಬೇರೆಲ್ಲೂ ಅಲ್ಲದೆ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲೇ ಬಿಡುಗಡೆ ಮಾಡಿತು. ಮುಂದೆ 8 ವರ್ಷ ಉಳಿಸಿಕೊಂಡ ಒಂದು ಮಾಲ್ಟಿಗೆ, ದೇವದೂತರ ಪಾಲೆಂದೇ ಕರೆಯುವ ಆ ಆವಿಯನ್ನೆಲ್ಲ ಕುಡಿದುಬಿಟ್ಟ ದುರಾಸೆಯ ದೇವದೂತರ ಹೆಸರನ್ನೇ ಇಟ್ಟಿತು. ಇಷ್ಟು ಹತ್ತಿರದ ಈ ಸಂಗತಿಯನ್ನು ಬಿಟ್ಟು ಲೇಖನವಿಡೀ ಪರದೇಶದ ದುಬಾರಿ ಬಾಟಲಿಗಳ ಬೆಲೆಯನ್ನೇ ಪಟ್ಟಿ ಮಾಡಿದ್ದು ನನಗೆ ಸರಿಕಾಣಲಿಲ್ಲ.

ಚುರುಟಿನ ವಿಷಯ ಇದಕ್ಕೆ ತದ್ವಿರುದ್ಧ. ಸುರುಳಿ ಸುತ್ತಿ ಪೆಟ್ಟಿಗೆಗೆ ಹಾಕಿದ ಮೇಲೂ ಅದು ಮಾಗುತ್ತಲೇ ಇರುತ್ತದೆ. ರಾಶಿ ಹಾಕಿ ಹುದುಗಿಸಿದ ಎಲೆಯಲ್ಲಿ ಉಳಿದ ಅಮೋನಿಯದ ಘಾಟು ನಿಧಾನವಾಗಿ ಹೊರಹೋಗಿ, ಎಲೆಯ ಎಣ್ಣೆಗಳು ಒಂದರೊಡನೊಂದು ಬೆರೆತು, ಗಂಟಲಿಗೆ ಚುಚ್ಚುತ್ತಿದ್ದ ಹೊಗೆ ಮೆದುವಾಗುತ್ತದೆ. ಇದಕ್ಕೆ ಶೇ 65ರಿಂದ 70ರಷ್ಟು ಆರ್ದ್ರತೆಯೂ, 18ರಿಂದ 21 ಡಿಗ್ರಿ ಸೆಲ್ಸಿಯಸ್‌ನ ತಂಪೂ ಬೇಕು. ಕೋಲಾರದ ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಯನ್ನು ಬಲ್ಲವರಿಗೆ ಇದು ಎಂಥ ಕಷ್ಟದ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಸಾಕೆಂದು ಲೇಖಕರು ಸಲಹೆ ನೀಡಿದ್ದಾರೆ. ಹಾಗೆ ಬಿಟ್ಟ ಚುರುಟು ಒಣಗಿ, ಹೊರಎಲೆ ಸೀಳಿ, ಅಡುಗೆಮನೆಯ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಸೀಡರ್ ಮರದ ದುಬಾರಿ ಪೆಟ್ಟಿಗೆಯೇ ಆಗಬೇಕೆಂದಿಲ್ಲ. ಗಾಳಿಯಾಡದ ಡಬ್ಬಿ, ಅದರೊಳಗೆ ತೇವವನ್ನು ಹದಕ್ಕೆ ಹಿಡಿಯುವ ಪೊಟ್ಟಣ, ತೇವ ಅಳೆಯುವ ಒಂದು ಸಣ್ಣ ಹೈಗ್ರೊಮೀಟರ್, ಮನೆಯಲ್ಲೇ ತಂಪಾದ ಕೋಣೆ, ಇಷ್ಟಿದ್ದರೆ ನಡೆಯುತ್ತದೆ. ಮೀಟರು ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ನಮ್ಮ ಗೆಳೆಯರಾದ ಗಣಿತದ ಮೇಷ್ಟ್ರು ಅಡುಗೆ ಉಪ್ಪನ್ನು ಬಳಸುತ್ತಾರೆ. ಮುಚ್ಚಳವೊಂದರಲ್ಲಿ ನೀರು ಚಿಮುಕಿಸಿ ಕೆಸರಿನಂತಾದ ಉಪ್ಪನ್ನು ಮೀಟರಿನ ಜೊತೆ ಬಿಗಿಯಾದ ಚೀಲದಲ್ಲಿ ಒಂದು ದಿನ ಇಟ್ಟರೆ ಮುಳ್ಳು 75ಕ್ಕೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ವ್ಯತ್ಯಾಸವೆಷ್ಟೋ ಅಷ್ಟನ್ನು ಲೆಕ್ಕಕ್ಕೆ ಹಿಡಿಯಬೇಕು. ಇನ್ನು, ಸೆಕೆ ಏರಿದಾಗ ತಂಬಾಕಿನ ಹುಳು ಮೊಟ್ಟೆಯೊಡೆದು ಡಬ್ಬಿಯಲ್ಲಿರುವ ಚುರುಟುಗಳನ್ನೆಲ್ಲ ತೂತು ಮಾಡಿಬಿಡುವ ಅಪಾಯವಿದೆ. ಆದ್ದರಿಂದ ಹೊಸ ಚುರುಟುಗಳನ್ನು ಭದ್ರವಾಗಿ ಸುತ್ತಿ ಕೆಲವು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಹಂತಹಂತವಾಗಿ ಕೋಣೆಯ ಬಿಸಿಗೆ ತರುವುದು ವಾಡಿಕೆ. ಫ್ರಿಜ್ಜಿನ ಉಪಯೋಗ ಅಷ್ಟಕ್ಕೇ ಮುಗಿಯುತ್ತದೆ.

ಹೊರದೇಶದ ಸರಕಿಗೆ ಮಾತ್ರ ಚುರುಟೆಂಬ ಗೌರವ ಸಲ್ಲುತ್ತದೆ ಎಂಬ ಧೋರಣೆಯೂ ಲೇಖನದಲ್ಲಿದೆ. ತಿರುಚಿರಾಪಳ್ಳಿ, ದಿಂಡಿಗಲ್ ಕಡೆಯ ಚುರುಟುಗಳು 19ನೇ ಶತಮಾನದಲ್ಲೇ ಲಂಡನ್ನಿಗೆ ಹಡಗು ಹತ್ತುತ್ತಿದ್ದವು. ನಮ್ಮ ತಾರಸಿಯಲ್ಲಿ ಅವಕ್ಕೂ ಜಾಗವಿದೆ. ಅವು ಕೊಂಚ ಒರಟು ಎಂಬುದನ್ನು ಒಪ್ಪುತ್ತೇನೆ, ಆದರೆ ಡಬ್ಬಿಯಲ್ಲಿ ಒಂದೆರಡು ವರ್ಷ ಮರೆತುಬಿಟ್ಟರೆ ಅವೂ ಹದಕ್ಕೆ ಬರುತ್ತವೆ.

ಈಗ ಕ್ರೀಡೆಯ ಮಾತಿಗೆ ಬರುತ್ತೇನೆ. ಚುರುಟಿಗೂ ವೃತ್ತಿಪರ ಕ್ರೀಡೆಗೂ ಸಂಬಂಧ ಬೆಸೆದವರು ಬೆಂಗಳೂರಿನ ಕ್ಲಬ್ಬಿನವರಲ್ಲ. ಅಮೆರಿಕದ ಬಾಸ್ಟನ್ ಸೆಲ್ಟಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿ 9 ಬಾರಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ಪ್ರಶಸ್ತಿ ತಂದುಕೊಟ್ಟ ರೆಡ್ ಔರ್‌ಬ್ಯಾಕ್, ಗೆಲುವು ಖಚಿತವಾಯಿತೆಂದು ಅನ್ನಿಸಿದೊಡನೆ, ಆಟ ಇನ್ನೂ ನಡೆಯುತ್ತಿರುವಾಗಲೇ ಬೆಂಚಿನ ಮೇಲೆ ಕುಳಿತು ಚುರುಟು ಹಚ್ಚುತ್ತಿದ್ದರು. ಎದುರಾಳಿಗಳ ಮೈ ಉರಿಯುತ್ತಿತ್ತು. ನಮ್ಮಲ್ಲಿ ಅಂಥ ಜಂಬವಿಲ್ಲ. ನಮಗೆ ಚುರುಟಿನಿಂದ ಆಗುವ ಉಪಕಾರವೇ ಬೇರೆ. ಒಳ್ಳೆಯ ಚುರುಟು ಮುಗಿಯಲು ಒಂದು ಗಂಟೆ ಬೇಕು. ನಿಮಿಷಕ್ಕೊಂದು ದಮ್ಮಿಗಿಂತ ಅವಸರ ಮಾಡಿದರೆ ಬಿಸಿಯೇರಿ ಕಹಿಯಾಗುತ್ತದೆ, ಪೂರ್ತಿ ಬಿಟ್ಟರೆ ಆರಿಹೋಗುತ್ತದೆ. ಕೈಯಲ್ಲಿ ಅದಿರುವವರು ಕೂಗಾಡುತ್ತ ಒಂದೇ ಸಮನೆ ಮಾತಾಡುವಂತಿಲ್ಲ, ಆಗಾಗ ನಿಲ್ಲಿಸಲೇಬೇಕು. ಆ ನಿಲುಗಡೆಯಲ್ಲಿ ಪಕ್ಕದವರ ವಾದಕ್ಕೆ ಜಾಗ ಸಿಗುತ್ತದೆ. ಟಿವಿಯ ಚರ್ಚೆಯಲ್ಲಿ ಸಿಗದ ಈ ಸೌಕರ್ಯಕ್ಕಾಗಿಯೇ ನಾವು ಸೇರುವುದು. ವಿಸ್ಕಿಗೆ ನಾಲ್ಕು ಹನಿ ನೀರು ಬೆರೆಸಿದರೆ ಪರಿಮಳ ಬಿಚ್ಚಿಕೊಳ್ಳುತ್ತದೆ ಎಂದು ಎಷ್ಟು ಹೇಳಿದರೂ, ಟೊಮೆಟೊ ಮಂಡಿ ನಡೆಸುವ ನಮ್ಮ ಗೆಳೆಯರು ಲೋಟದ ತುಂಬ ಸೋಡಾ ಸುರಿದುಕೊಳ್ಳುತ್ತಾರೆ. ಆ ವಾದವನ್ನು ನಾವು ಕೈಬಿಟ್ಟಿದ್ದೇವೆ.

ಕೈಬಿಡದ ವಾದಗಳಲ್ಲಿ ಒಂದನ್ನು ಇಲ್ಲಿ ಹೇಳಬೇಕು, ಏಕೆಂದರೆ ನನ್ನ ಬೇಡಿಕೆಯ ಮೂಲ ಅಲ್ಲಿದೆ. 2016ರ ಐಪಿಎಲ್ ಫೈನಲ್ ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ಹೈದರಾಬಾದ್ 208 ರನ್ ಮಾಡಿತು, ನಮ್ಮ ಬೆಂಗಳೂರು ತಂಡ 200ಕ್ಕೆ ನಿಂತು 8 ರನ್ನಿನಿಂದ ಸೋತಿತು. ನಮ್ಮ ಬೌಲರ್ ವಾಟ್ಸನ್ 4 ಓವರಿನಲ್ಲಿ 61 ರನ್ ಬಿಟ್ಟುಕೊಟ್ಟದ್ದೇ ಸೋಲಿಗೆ ಕಾರಣವೆಂದು ಮಂಡಿಯ ಗೆಳೆಯರು ಇಂದಿಗೂ ಪಟ್ಟು ಹಿಡಿಯುತ್ತಾರೆ. ಮೇಷ್ಟ್ರ ಲೆಕ್ಕ ಬೇರೆ: 10.3 ಓವರಿಗೆ 114 ರನ್ ಆಗಿ ಗೇಲ್ ಔಟಾದಾಗ 57 ಎಸೆತದಲ್ಲಿ 95 ರನ್ ಬೇಕಿತ್ತು, ಕೈಯಲ್ಲಿ 9 ವಿಕೆಟ್ ಇದ್ದವು. ಅಲ್ಲಿಂದ ಸೋತದ್ದಕ್ಕೆ ಬೌಲರನ್ನು ದೂರುವುದು ಅನ್ಯಾಯ. ನಾನು ಮೇಷ್ಟ್ರ ಪಕ್ಷ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ 6 ರನ್ನಿನಿಂದ ಕಪ್ ಗೆದ್ದ ಮೇಲಾದರೂ ಈ ವಾದ ತಣ್ಣಗಾಗುತ್ತದೆ ಎಂದುಕೊಂಡಿದ್ದೆವು, ಆಗಲಿಲ್ಲ. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಸುದ್ದಿ ಬಂದ ಮೇಲೆ ಬಹಳ ದಿನ ತಾರಸಿ ಹತ್ತುವ ಮನಸ್ಸೇ ಯಾರಿಗೂ ಆಗಲಿಲ್ಲ ಎಂಬುದು ಬೇರೆ ಮಾತು.

ಗಮನಿಸಿ, ಮೇಷ್ಟ್ರ ವಾದ ನಿಂತಿರುವುದು ವಿಕೆಟ್ ಪತನದ ಒಂದೇ ಸಾಲಿನ ಮೇಲೆ. ಅಂಥ ಸಾಲು ತಮ್ಮ ಪತ್ರಿಕೆಯಲ್ಲಿ ಈಗ ಕಾಣುವುದಿಲ್ಲ. ಮೊದಲು ಐಪಿಎಲ್ ಪಂದ್ಯಕ್ಕಾದರೂ ಬೌಲಿಂಗ್ ವಿವರ, ಇತರೆ ರನ್, ವಿಕೆಟ್ ಪತನ ಎಲ್ಲವೂ ಸಣ್ಣ ಅಕ್ಷರದಲ್ಲಿ ಬರುತ್ತಿತ್ತು. ಈಗ ಸಂಕ್ಷಿಪ್ತ ಸ್ಕೋರು ಎಂಬ ಮೂರು ಸಾಲಿನಲ್ಲಿ ಎಲ್ಲ ಮುಗಿಯುತ್ತದೆ, ಉಳಿದ ಜಾಗವನ್ನು ಆಟಗಾರರ ಹರಾಜಿನ ಕೋಟಿಗಳೂ ಆಳೆತ್ತರದ ಚಿತ್ರಗಳೂ ನುಂಗುತ್ತವೆ. ರಣಜಿ ಪಂದ್ಯದ ಗತಿ ಇನ್ನೂ ಕಷ್ಟ. 1974ರ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕವು 15 ವರ್ಷ ಸತತ ಚಾಂಪಿಯನ್ ಆಗಿದ್ದ ಮುಂಬೈಯನ್ನು ಮೊದಲ ಇನಿಂಗ್ಸ್ ಮುನ್ನಡೆಯಿಂದ ಹಿಂದಿಕ್ಕಿದ ಪಂದ್ಯವನ್ನು ನಮ್ಮಲ್ಲಿ ಹಿರಿಯರು ಇಂದಿಗೂ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ವಾಡೇಕರ್ ರನೌಟ್ ಎಂದು ಬಾಯಿಪಾಠ ಒಪ್ಪಿಸುವುದು ಅದನ್ನು ಪತ್ರಿಕೆಯಲ್ಲಿ ಅಂಕಿ ಅಂಕಿಯಾಗಿ ಓದಿದ್ದರಿಂದ. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ ಎನ್ನಬಹುದು. ಸಿಗುತ್ತದೆ ನಿಜ, ಆದರೆ ನಾಲ್ವರ ನಡುವೆ ಹರಡಿಕೊಂಡು, ಬೆರಳಿಟ್ಟು ತೋರಿಸಿ ಜಗಳವಾಡಲು ಕಾಗದವೇ ಆಗಬೇಕು. ಕಬಡ್ಡಿಗೂ ಇದೇ ಮಾತು: 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಗುಜರಾತ್ ತಂಡವನ್ನು ಮಣಿಸಿ ಪ್ರೊ ಕಬಡ್ಡಿ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಉಳಿದ 16 ಅಂಕ ಯಾರಿಂದ, ರೇಡಿನಿಂದ ಎಷ್ಟು, ಟ್ಯಾಕಲ್‌ನಿಂದ ಎಷ್ಟು ಎಂಬುದು ತಿಳಿಯದೆ ಆ ತಂಡ ಒಬ್ಬನ ಮೇಲೆ ನಿಂತಿತ್ತೋ ಇಲ್ಲವೋ ಎಂದು ಹೇಗೆ ವಾದಿಸುವುದು?

ಲೇಖನದ ಕೊನೆಯಲ್ಲಿ ಮದ್ಯ ಮತ್ತು ತಂಬಾಕಿನಿಂದ ಕ್ರೀಡೆಯ ಪಾವಿತ್ರ್ಯ ಕೆಡುತ್ತಿದೆ ಎಂಬ ಉಪದೇಶವಿದೆ. ಕೆಡಿಸಿದವರು ತಾರಸಿಯ ಮೇಲೆ ಕೂತವರೇನಲ್ಲ. ಭಾರತದ ಕ್ರಿಕೆಟಿಗರ ಅಂಗಿಯ ಮೇಲೆ ಸಿಗರೇಟಿನ ಹೆಸರು 2001ರವರೆಗೂ ಇತ್ತು, 1996ರ ವಿಶ್ವಕಪ್ಪಿಗೇ ಆ ಹೆಸರಿತ್ತು. 2008ರಲ್ಲಿ ಹುಟ್ಟಿದ ನಮ್ಮ ಐಪಿಎಲ್ ತಂಡ ರಾಯಲ್ ಚಾಲೆಂಜರ್ಸ್‌ಗೆ ಹೆಸರು ಬಂದದ್ದು ರಾಯಲ್ ಚಾಲೆಂಜ್ ಎಂಬ ವಿಸ್ಕಿಯಿಂದ. ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿದ ಮೇಲೂ, ಸೋಡಾ, ಏಲಕ್ಕಿಗಳ ವೇಷದಲ್ಲಿ ಮದ್ಯ, ಗುಟ್ಕಾಗಳ ಹೆಸರು ಪಂದ್ಯದ ನಡುವೆ ಮಕ್ಕಳ ಕಣ್ಣಿಗೆ ಬೀಳುತ್ತಲೇ ಇದೆ. ಅದನ್ನು ಪೂರ್ತಿ ನಿಲ್ಲಿಸಬೇಕೆಂದು ಬರೆಯಿರಿ, ನಾವು ನಾಲ್ವರೂ ಸಹಿ ಹಾಕುತ್ತೇವೆ. ಚುರುಟಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲವಾದ್ದರಿಂದ ಅಪಾಯವಿಲ್ಲ ಎಂದು ಕೆಲವರು ಹೇಳುವುದೂ ಸುಳ್ಳು: ಬಾಯಿ, ಗಂಟಲಿನ ಕ್ಯಾನ್ಸರಿಗೆ ಅದು ದಾರಿ, ಮದ್ಯ ಜೊತೆಗೂಡಿದರೆ ಅಪಾಯ ಇನ್ನಷ್ಟು ಹೆಚ್ಚು. ಇದನ್ನು ತಿಳಿದೇ ನಾವು ಅಪರೂಪಕ್ಕೆ ಸೇರುತ್ತೇವೆ, ಮಕ್ಕಳು ಮೊಮ್ಮಕ್ಕಳು ಮನೆಯಲ್ಲಿಲ್ಲದ ಸಂಜೆ ನೋಡಿಕೊಳ್ಳುತ್ತೇವೆ. ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೂ, ಸಾರ್ವಜನಿಕ ಸ್ಥಳದಲ್ಲಿ ಸೇದುವುದರ ದಂಡವನ್ನು 1000 ರೂಪಾಯಿಗೂ ಏರಿಸಿದ ರಾಜ್ಯದ ತಿದ್ದುಪಡಿಗೆ ನಮ್ಮ ಪೂರ್ಣ ಒಪ್ಪಿಗೆಯಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಕರ್ನಾಟಕ ಆಡುವ ರಣಜಿ ಪಂದ್ಯಗಳಿಗೆ, ಐಪಿಎಲ್‌ನ ಬೆಂಗಳೂರಿನ ಪಂದ್ಯಗಳಿಗೆ ಮತ್ತು ಪ್ರೊ ಕಬಡ್ಡಿಯಲ್ಲಿ ಬುಲ್ಸ್ ಪಂದ್ಯಗಳಿಗೆ ಪೂರ್ಣ ಸ್ಕೋರ್‌ಪಟ್ಟಿಯನ್ನು ಮತ್ತೆ ಪ್ರಕಟಿಸಿ. ಜಾಗದ ಕೊರತೆಯಿದ್ದರೆ ಹರಾಜಿನ ಚಿತ್ರವೊಂದನ್ನು ಕಿರಿದು ಮಾಡಬಹುದು. ಅಕ್ಷರ ಎಷ್ಟು ಸಣ್ಣದಾದರೂ ಸರಿ, ನಮ್ಮ ನಾಲ್ವರಲ್ಲಿ ಮೂವರಿಗೆ ಕನ್ನಡಕವಿದೆ, ನಾಲ್ಕನೆಯವರಿಗೆ ನಾವು ಓದಿ ಹೇಳುತ್ತೇವೆ.

ಇತಿ,
ತಮ್ಮ ಹಳೆಯ ಓದುಗ, ಕೋಲಾರ