ಮಗು ಬೇಕೋ ಬೇಡವೋ: ಮಗಳಿಗೆ ಮಂಡ್ಯದಿಂದ ಒಂದು ಪತ್ರ

ಪುಟ್ಟಿ,

ಮಗುವಿನ ಖರ್ಚಿಗೆ ನೀವಿಬ್ಬರೂ ಪಟ್ಟಿ ಮಾಡಿದ್ದು ಕೇಳಿ ನಿಮ್ಮತ್ತೆ ನೊಂದುಕೊಂಡರಂತೆ. ನನಗೇನೂ ಬೇಸರವಿಲ್ಲ. "ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ" ಅನ್ನುತ್ತಿದ್ದ ನಮ್ಮಜ್ಜಿಗೂ ಲೆಕ್ಕ ಗೊತ್ತಿತ್ತು. ನಾಲೆ ನೀರು ಬಂದ ಮೇಲೆ ಕಬ್ಬಿನ ಗದ್ದೆಗೆ ಆಳು ಬೇಕು, ದನ ಕಾಯಲು ಹುಡುಗರು ಬೇಕು, ಮುಪ್ಪಿನಲ್ಲಿ ಅನ್ನ ಹಾಕಲು ಮಗ ಬೇಕು. ಹತ್ತು ವರ್ಷಕ್ಕೇ ಮಕ್ಕಳು ದುಡಿಮೆಗೆ ಇಳಿಯುತ್ತಿದ್ದರು. ಈಗ ಓದು ಮುಗಿಯುವವರೆಗೂ ನಾವೇ ಹಾಕಬೇಕು. ಒಂದೊಂದು ಮಗುವಿಗೂ ಹೆಚ್ಚು ಸುರಿಯಬೇಕು ಅಂದಾಗ ಜನ ಕಡಿಮೆ ಮಕ್ಕಳನ್ನು ಹೆರುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ವಾದಿಸಿದ್ದನ್ನು ಬಿ.ಎ.ಯಲ್ಲಿ ಓದಿದ್ದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ನಿಮ್ಮಂತೆ ಯೋಚಿಸುವವರು ಮನೆಮನೆಯಲ್ಲೂ ಇದ್ದಾರೆ.

ನಿನ್ನ ಪಟ್ಟಿಯಲ್ಲಿ ಸ್ಕೂಲ್ ಫೀಸು, ಆಸ್ಪತ್ರೆ, ಡೇ ಕೇರ್, ದೊಡ್ಡ ಮನೆಯ ಬಾಡಿಗೆ ಎಲ್ಲ ಇದೆ. ನಿನ್ನ ಸಮಯ ಮಾತ್ರ ಇಲ್ಲ. ಎಲ್ಲಕ್ಕಿಂತ ದುಬಾರಿ ಬಾಬ್ತು ಅದೇ ಕಣೇ. ರಜೆ ಮುಗಿಸಿ ಹೋದಾಗ ತಪ್ಪಿದ ಬಡ್ತಿ, ಕಡಿಮೆ ಸಂಬಳಕ್ಕೆ ಒಪ್ಪಿಕೊಂಡ ಹತ್ತಿರದ ಕೆಲಸ, ಕಟ್ಟದೇ ಉಳಿದ ಪಿ.ಎಫ್. ಇವಕ್ಕೆಲ್ಲ ಯಾರೂ ರಸೀದಿ ಕೊಡುವುದಿಲ್ಲ. ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ನಿನಗೆ 26 ವಾರ ಸಂಬಳದ ರಜೆ ಸಿಗುತ್ತದೆ, ಒಳ್ಳೆಯದೇ. ಆದರೆ ಖಾಸಗಿ ಕಂಪನಿಯ ಅಪ್ಪನಿಗೆ ಆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಮಗು ಇಬ್ಬರದು, ಕೆಲಸದಲ್ಲಿ ಹಿಂದೆ ಬೀಳುವವಳು ನೀನೊಬ್ಬಳೇ. ಇದು ನನಗೆ ಸರಿಕಾಣುವುದಿಲ್ಲ.

ಇನ್ನೊಂದು ಮಾತು. ಹೆಣ್ಣಾದರೆ ಮದುವೆ ಖರ್ಚು ಎಂದು ಯಾರಾದರೂ ಬಾಯಿ ತೆಗೆದರೆ ಅಲ್ಲೇ ತಡೆ. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ನೋಡುತ್ತಿದ್ದ ಸುದ್ದಿ ಓದಿ ನನಗೆ ಅನ್ನ ಸೇರಲಿಲ್ಲ. ಬೆಲ್ಲ ಕಾಯಿಸುವ ಜಾಗದಲ್ಲಿ! ಲಿಂಗಪತ್ತೆ ನಿಷೇಧದ ಕಾನೂನು ಬಂದದ್ದು 1994ರಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕರ್ನಾಟಕದ ಕಾನೂನು ಜಾರಿಯಾದದ್ದೂ ಅದೇ ವರ್ಷ. ವರದಕ್ಷಿಣೆ ನಿಲ್ಲದೆ, ಪಾಲು ಕೈಗೆ ಬಾರದೆ, ಹೆಣ್ಣನ್ನು ಹೊರೆ ಅನ್ನುವ ಲೆಕ್ಕ ಊರಿನಲ್ಲಿ ಹಾಗೇ ಉಳಿದಿದೆ.

ನೀನು ಬೇಡ ಅಂದರೂ ನಾನು ನಿನ್ನ ಪರವೇ. ಬೇಕು ಅನ್ನಿಸಿದರೆ ಮೊದಲು ಅಳಿಯಂದಿರನ್ನು ಕೂರಿಸಿಕೊಂಡು ಮಾತಾಡು: ಅವರು ಎಷ್ಟು ದಿನ ರಜೆ ಹಾಕುತ್ತಾರೆ, ರಾತ್ರಿ ಯಾರು ಏಳುತ್ತಾರೆ, ಮಗುವಿಗೆ ಜ್ವರ ಬಂದ ದಿನ ಯಾರು ಆಫೀಸಿಗೆ ಹೋಗುವುದಿಲ್ಲ. ಮೊದಲ ವರ್ಷ ನಾನು ಬಂದು ಇರುತ್ತೇನೆ, ಅಪ್ಪನೂ ಹೂಂ ಅಂದಿದ್ದಾರೆ. ಅಷ್ಟು ದಿನ ಹಸು ಕರೆದು ಡೇರಿಗೆ ಹಾಲು ಹಾಕುವವರಿಗೆ ಕೂಲಿ ಕೊಡಬೇಕಾಗುತ್ತದೆ, ಅದನ್ನೂ ಪಟ್ಟಿಗೆ ಸೇರಿಸಿಕೋ.

ನಿನ್ನ
ಅಮ್ಮ