ಮಗಳಿಗೊಂದು ಪತ್ರ: ಮಂಡಿ ಟೆಂಡರ್ ಬೇರೆ, ಹಡಗಿನ ಟೆಂಡರ್ ಬೇರೆ

ಪುಟ್ಟಿ,

ನೀನೂ ಅಳಿಯಂದಿರೂ ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಹೊರಟಿದ್ದೀರಿ ಅಂತ ಕೇಳಿ ಖುಷಿಯಾಯಿತು. ಹೋದ ವರ್ಷ ನಾನೂ ಅಪ್ಪಯ್ಯನೂ ಹೋಗಿ ಬಂದಾಗ ಊಟದ ಸುದ್ದಿ, ಫೋಟೊ ಎಲ್ಲ ಕಳಿಸಿದ್ದೆ, ಪೇಚಿಗೆ ಸಿಕ್ಕಿದ್ದು ಮಾತ್ರ ಹೇಳಿರಲಿಲ್ಲ. ಗೊತ್ತಿಲ್ಲದ ಪದ ಬಂದರೆ ಯಾರನ್ನಾದರೂ ಕೇಳುತ್ತೇವೆ. ನಮಗೆ ಕೈಕೊಟ್ಟಿದ್ದು ಗೊತ್ತಿದೆ ಅಂದುಕೊಂಡ ಪದಗಳೇ.

ಮೊದಲನೆಯದು ಟೆಂಡರ್. ಬೆಳಿಗ್ಗೆ ಮೈಕಿನಲ್ಲಿ ‘ಟೆಂಡರ್ ಟಿಕೆಟ್ ತಗೊಳ್ಳಿ’ ಅಂತ ಕೂಗಿದರು. ಅಪ್ಪಯ್ಯನಿಗೆ ಟೆಂಡರ್ ಅಂದರೆ ಶಿವಮೊಗ್ಗದ ಅಡಿಕೆ ಮಂಡಿ. ‘ಸಮುದ್ರದ ಮಧ್ಯ ಇವರೇನು ಮಾರ್ತಾರೆ, ನಮಗ್ಯಾಕೆ’ ಅಂತ ಇನ್ನೊಂದು ಕಾಫಿ ತರಿಸಿಕೊಂಡು ಕೂತರು. ಲಕ್ಷದ್ವೀಪದಲ್ಲಿ ದಡದ ಹತ್ತಿರ ನೀರು ಆಳ ಇಲ್ಲ, ಹವಳದ ದಿಬ್ಬ ಬೇರೆ, ಹಾಗಾಗಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಜನರನ್ನು ಚಿಕ್ಕ ದೋಣಿಯಲ್ಲಿ ದಡಕ್ಕೆ ಸಾಗಿಸುತ್ತಾರೆ. ಆ ದೋಣಿಯೇ ಟೆಂಡರ್. ನಮ್ಮ ಸರದಿ ಬರುವಾಗ ಹನ್ನೊಂದೂವರೆ, ಬಿಸಿಲು ನೆತ್ತಿಗೆ ಬಂದಿತ್ತು. ನೀನು ತಿಂಡಿಗೆ ಮೊದಲೇ ಟಿಕೆಟ್ ತಗೊಂಡುಬಿಡು.

ಗ್ರ್ಯಾಚುಟಿ ಇನ್ನೂ ಮಜಾ. ರಿಟೈರ್ ಆದಾಗ ಬರುವ ದುಡ್ಡು ಅಂತ ತಾನೇ ನಮಗೆ ಗೊತ್ತಿರುವುದು? ಹಡಗಿನಲ್ಲಿ ಅದು ಕೆಲಸದವರಿಗೆ ಕೊಡುವ ಟಿಪ್ಸು, ದಿನಕ್ಕಿಷ್ಟು ಅಂತ ನಮ್ಮ ಬಿಲ್ಲಿಗೇ ಸೇರಿಸುತ್ತಾರೆ. ಬಿಲ್ಲಿಗೆ ಫೋಲಿಯೋ ಅನ್ನುತ್ತಾರೆ. ಕೊನೆ ರಾತ್ರಿ ಅದನ್ನು ಒಂದು ಸಲ ನೋಡಿಕೋ, ನಾವು ಕುಡಿಯದ ಎರಡು ಜ್ಯೂಸು ಅದರಲ್ಲಿತ್ತು.

ಮಸ್ಟರ್ ಅಂದರೆ ಮಾತ್ರ ಅಸಡ್ಡೆ ಮಾಡಬೇಡ. ನಮ್ಮಲ್ಲಿ ಮಸ್ಟರ್ ರೋಲ್ ಕೂಲಿಯವರ ಹಾಜರಿ, ಅಲ್ಲಿ ನಮ್ಮ ಹಾಜರಿ. ಅಪಾಯ ಆದರೆ ಎಲ್ಲರೂ ಸೇರಬೇಕಾದ ಜಾಗವೇ ಮಸ್ಟರ್ ಸ್ಟೇಷನ್. ಏಳು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದಕ್ಕೆ ಸೈರನ್ ಕೂಗಿದರೆ ಚೀಲ ಗೀಲ ಹುಡುಕದೆ ಅಲ್ಲಿಗೆ ಹೋಗಬೇಕು. 2012ರ ಜನವರಿಯಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ತಾಗಿ ಮಗುಚಿಕೊಂಡು 32 ಜನ ಸತ್ತರು. ಅವತ್ತೇ ಹತ್ತಿದ್ದ ಎಷ್ಟೋ ಜನಕ್ಕೆ ಇನ್ನೂ ಡ್ರಿಲ್ಲೇ, ಅಂದರೆ ಹೀಗೆ ಸೇರುವ ಅಭ್ಯಾಸವೇ, ಆಗಿರಲಿಲ್ಲ. ಈಗ ಹಡಗು ಹೊರಡುವ ಹೊತ್ತಿಗೇ ಡ್ರಿಲ್ ಮುಗಿಸುತ್ತಾರೆ. ಅಳಿಯಂದಿರು ಮೊಬೈಲ್ ನೋಡುತ್ತಾ ಕೂತರೆ ಎಬ್ಬಿಸಿಕೊಂಡು ಹೋಗು.

ರೂಮು ಬುಕ್ ಆಗಿದೆಯಾ? ನಮಗೆ ಏಜೆಂಟ್ ‘ಇನ್‌ಸೈಡ್ ಕ್ಯಾಬಿನ್, ಗಾಳಿ ಮಳೆ ಹೊಡೆಯಲ್ಲಮ್ಮಾ’ ಅಂತ ಕೊಟ್ಟ. ಹೋಗಿ ನೋಡಿದರೆ ಕಿಟಕಿಯೇ ಇಲ್ಲ! ಲೈಟ್ ಆರಿಸಿದರೆ ನಮ್ಮ ಅಟ್ಟದ ಹಾಗೆ ಕತ್ತಲೆ, ಅಪ್ಪಯ್ಯ ಒಂಬತ್ತೂವರೆಗೆ ಎದ್ದು ‘ಬೆಳಗಾಯ್ತಾ’ ಅಂದರು. ಓಷನ್ ವ್ಯೂ ಅಂದರೆ ಕಿಟಕಿ ಇರುತ್ತದೆ, ತೆಗೆಯಲು ಬರುವುದಿಲ್ಲ. ಗಾಳಿ ಬೇಕಾದರೆ ಬಾಲ್ಕನಿಯೇ ಆಗಬೇಕು.

ಪೋರ್ಟ್ ಅಂದರೆ ಬಂದರೂ ಹೌದು, ಹಡಗಿನ ಮೂತಿ ಕಡೆ ಮುಖ ಮಾಡಿದಾಗ ಎಡಗಡೆಯೂ ಹೌದು. ಬಲಗಡೆ ಸ್ಟಾರ್‌ಬೋರ್ಡ್. ಇಂಗ್ಲಿಷಿನಲ್ಲಿ ಲೆಫ್ಟಿಗೂ ಪೋರ್ಟಿಗೂ ನಾಲ್ಕೇ ಅಕ್ಷರ, ನಾನು ಹಾಗೆ ನೆನಪಿಟ್ಟುಕೊಂಡೆ. ನಾಟ್ ಅಂದರೆ ವೇಗ, ಗಂಟೆಗೆ 1.852 ಕಿಲೋಮೀಟರ್. ಹದಿನೆಂಟು ನಾಟ್ ಅಂದರೆ ಹೆಚ್ಚುಕಡಿಮೆ ನಮ್ಮ ಸಾಗರ–ಶಿವಮೊಗ್ಗ ಬಸ್ಸು, ಅಷ್ಟೇ.

ಆಮೇಲೆ ಆಲ್ ಅಬೋರ್ಡ್ ಟೈಮ್. ಅದು ಹಡಗು ಹೊರಡುವ ಹೊತ್ತಲ್ಲ, ಅದಕ್ಕಿಂತ ಮೊದಲೇ ನೀವು ಒಳಗಿರಬೇಕಾದ ಹೊತ್ತು. ನಿನಗೆ ನಾಲ್ಕು ವರ್ಷ ಇದ್ದಾಗ ಸಿಗಂದೂರಿನಿಂದ ಬರುವಾಗ ಕೊನೇ ಲಾಂಚು ತಪ್ಪಿತ್ತು. ದಡ ಬಿಟ್ಟು ಹತ್ತು ಮಾರು ಹೋಗಿತ್ತಷ್ಟೆ. ಅಪ್ಪಯ್ಯ ಟವೆಲ್ ಬೀಸಿ ಕರೆದರೆ ಲಾಂಚಿನಲ್ಲಿದ್ದವರು ಟಾಟಾ ಅಂದುಕೊಂಡು ಕೈ ಬೀಸುತ್ತಾ ಹೋದರು. ಆ ರಾತ್ರಿ ಗುರುತಿನವರ ಮನೆ ಜಗಲಿ ಸಿಕ್ಕಿತು. 2025ರಿಂದ ಅಲ್ಲಿ ಸೇತುವೆಯೇ ಇದೆ, ಆದರೆ ನಿನ್ನ ಹಡಗಿಗೆ ಸೇತುವೆ ಇಲ್ಲ, ಲಕ್ಷದ್ವೀಪದಲ್ಲಿ ಜಗಲಿ ಕೊಡುವ ನೆಂಟರೂ ಇಲ್ಲ.

ಹಾಂ, ಅಪ್ಪೆಮಿಡಿ ಕಟ್ಟಿಕೊಂಡು ಹೋಗಬೇಡ. ನನ್ನ ಬಾಟಲಿಯನ್ನು ಹತ್ತುವಾಗಲೇ ತೆಗೆದಿಟ್ಟುಕೊಂಡರು. ಹೋಗಿ ಬಂದ ಮೇಲೆ ಇಲ್ಲಿಗೇ ಬಾ, ಜಾಡಿ ತುಂಬಾ ಇದೆ.

ಅಮ್ಮ