ಆ್ಯಪ್‌ನೊಳಗಿನ ಲಿಂಕ್‌ಗಳಿಗೂ ಗಮನ ಬೇಕು

ಮಾನ್ಯ ಸಂಪಾದಕರೇ,

ಬಿಲ್ ಪಾವತಿಗೆ, ಟಿಕೆಟ್‌ಗೆ, ಅರ್ಜಿ ಸಲ್ಲಿಕೆಗೆ ನಾವು ಮೊಬೈಲ್‌ನಲ್ಲಿ ಹಾಕಿಕೊಳ್ಳುವ ಆ್ಯಪ್‌ಗಳಲ್ಲಿ ಹಲವು ಆಯಾ ಸಂಸ್ಥೆಯ ಜಾಲತಾಣವನ್ನೇ ವೆಬ್‌ವ್ಯೂ ಎಂಬ ಒಳಬ್ರೌಸರಿನಲ್ಲಿ ತೋರಿಸುತ್ತವೆ. ಅದರಲ್ಲಿ ತಪ್ಪೇನಿಲ್ಲ, ಸಣ್ಣ ಸಂಸ್ಥೆಗಳಿಗೆ ಖರ್ಚೂ ಉಳಿಯುತ್ತದೆ. ಆದರೆ ಮೊದಲ ಪುಟ ಅಚ್ಚುಕಟ್ಟಾಗಿ ತೆರೆದು, ಮುಂದಿನ ಪುಟಕ್ಕೆ ಹೋಗುತ್ತಲೇ ಜಾಲತಾಣದ ಮೆನು, ಲೋಗೊ, ಅಡಿಪಟ್ಟಿಗಳೆಲ್ಲ ಪ್ರತ್ಯಕ್ಷವಾಗಿ, ಆ್ಯಪ್‌ನ ಮೆನುವಿನ ಕೆಳಗೆ ಇನ್ನೊಂದು ಮೆನು ಬಂದು ಕೂರುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ‘ಆ್ಯಪ್ ಡೌನ್‌ಲೋಡ್ ಮಾಡಿ’ ಎಂಬ ಜಾಹೀರಾತು ಆ್ಯಪ್‌ನೊಳಗೇ ಕಾಣಿಸಿಕೊಳ್ಳುವುದೂ ಉಂಟು!

ಕಾರಣ ಸರಳ. ಆ್ಯಪ್ ಮೊದಲ ಪುಟವನ್ನು ಕೇಳುವಾಗ ವಿಳಾಸದ ಕೊನೆಗೆ ‘ವ್ಯೂ=ಆ್ಯಪ್’ ಎಂಬಂಥ ಗುರುತೊಂದನ್ನು ಸೇರಿಸುತ್ತದೆ, ಸರ್ವರ್ (ಜಾಲತಾಣದ ಪುಟಗಳನ್ನು ಒದಗಿಸುವ ಕಂಪ್ಯೂಟರ್) ಅದನ್ನು ನೋಡಿ ಮೆನುವಿಲ್ಲದ ಪುಟವನ್ನು ಕಳುಹಿಸುತ್ತದೆ. ಆ ಪುಟದೊಳಗಿನ ಲಿಂಕ್‌ಗಳಲ್ಲಿ ಗುರುತು ಇಲ್ಲದಿರುವುದರಿಂದ ಒಂದನ್ನು ಒತ್ತಿದೊಡನೆ ಸರ್ವರ್ ನಮ್ಮನ್ನು ಸಾಮಾನ್ಯ ಬ್ರೌಸರಿನವರೆಂದೇ ಭಾವಿಸುತ್ತದೆ. ಇದಕ್ಕೆ ತಂತ್ರಜ್ಞರು ಕಂಡುಕೊಂಡಿರುವ ಉಪಾಯವೆಂದರೆ, ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ (ಬ್ರೌಸರಿನೊಳಗೇ ಓಡುವ ಪ್ರೋಗ್ರಾಮಿನ ಭಾಷೆ) ಮೂಲಕ ಅದರಲ್ಲಿರುವ ಲಿಂಕ್‌ಗಳಿಗೆಲ್ಲ ಗುರುತನ್ನು ಅಂಟಿಸುವುದು. ಜಾಲತಾಣಗಳ ಕೆಲಸದಲ್ಲೇ ಇರುವ ನನಗೆ ಈ ಉಪಾಯದ ಬಗ್ಗೆ ತಕರಾರಿಲ್ಲ. ಅದನ್ನು ಅರೆಬರೆ ಮಾಡಿ ಕೈತೊಳೆದುಕೊಳ್ಳುವುದರ ಬಗ್ಗೆ ಇದೆ.

ಇಂಥ ಗುರುತುಗಳು ವಿಳಾಸದಲ್ಲಿ ಒಂದೇ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರಬೇಕು; ಅದು ಮೊದಲೇ ಇದ್ದರೂ ಇನ್ನೊಂದನ್ನು ಅಂಟಿಸುವವರಿದ್ದಾರೆ. ಹ್ಯಾಷ್ (#) ಚಿಹ್ನೆಯಿಂದಾಚೆಗಿನ ಭಾಗವನ್ನು ಬ್ರೌಸರ್ ಸರ್ವರಿಗೆ ಕಳುಹಿಸುವುದೇ ಇಲ್ಲವೆಂಬುದನ್ನು ಗಮನಿಸದೆ ಗುರುತನ್ನು ಅಲ್ಲಿಗೇ ಸೇರಿಸುವವರೂ ಇದ್ದಾರೆ. ವಿಳಾಸವನ್ನು ಬಿಡಿಸಿ ಸರಿಯಾದ ಜಾಗದಲ್ಲಿ ಗುರುತು ಸೇರಿಸುವ ಸಲಕರಣೆ ಬ್ರೌಸರಿನಲ್ಲೇ ಇರುವಾಗ ಈ ತಪ್ಪಿಗೆ ನೆಪವಿಲ್ಲ. ಹುಡುಕಾಟದ ಫಾರ್ಮ್‌ಗಳದು ಇನ್ನೊಂದು ಕಥೆ: ಗೆಟ್ ವಿಧಾನದ (ಭರ್ತಿ ಮಾಡಿದ್ದನ್ನು ವಿಳಾಸದಲ್ಲೇ ಸೇರಿಸಿ ಕಳುಹಿಸುವ) ಫಾರ್ಮ್ ಸಲ್ಲಿಸಿದಾಗ ಅದರ ವಿಳಾಸದಲ್ಲಿ ಮೊದಲು ಅಂಟಿಸಿದ್ದ ಗುರುತು ಬಿದ್ದುಹೋಗಿ, ಭರ್ತಿ ಮಾಡಿದ ವಿವರಗಳಷ್ಟೇ ಅಲ್ಲಿ ಬರುತ್ತವೆ, ಆದ್ದರಿಂದ ಗುರುತನ್ನು ಫಾರ್ಮ್‌ನೊಳಗೇ ಬಳಕೆದಾರರ ಕಣ್ಣಿಗೆ ಕಾಣದ ಅಂಕಣವಾಗಿ ಇಡಬೇಕಾಗುತ್ತದೆ. ಪುಟ ತೆರೆದ ಎಷ್ಟೋ ಹೊತ್ತಿನ ಮೇಲೆ ‘ಇನ್ನಷ್ಟು ನೋಡಿ’ ಒತ್ತಿದಾಗ ಬರುವ ಲಿಂಕ್‌ಗಳಂತೂ ಮೊದಲ ಸುತ್ತಿನ ತಿದ್ದುಪಡಿಗೆ ಸಿಗುವುದೇ ಇಲ್ಲ. ಬಳಕೆದಾರ ಲಿಂಕ್ ಒತ್ತಿದ ಗಳಿಗೆಯಲ್ಲೇ ಅದನ್ನು ತಡೆದು ತಿದ್ದುವುದು ಇದಕ್ಕಿಂತ ಭದ್ರವಾದ ದಾರಿ.

ಇನ್ನು ಮುಟ್ಟಬಾರದ ಲಿಂಕ್‌ಗಳೂ ಇವೆ. ದೂರವಾಣಿ ಸಂಖ್ಯೆ, ಇಮೇಲ್ ಮತ್ತು ಯುಪಿಐ ಲಿಂಕ್‌ಗಳು ಪುಟಗಳೇ ಅಲ್ಲ, ಅವನ್ನು ಫೋನಿನ ವ್ಯವಸ್ಥೆಗೆ ಒಪ್ಪಿಸಬೇಕು. ಸಹಿ ಮಾಡಿದ, ಅಂದರೆ ತಿದ್ದಿದರೆ ಪತ್ತೆಯಾಗುವ ಸಂಕೇತ ಸೇರಿಸಿದ, ಡೌನ್‌ಲೋಡ್ ವಿಳಾಸಗಳಿಗೆ ಹೆಚ್ಚಿನದೇನನ್ನಾದರೂ ಸೇರಿಸಿದರೆ ಅವು ಅಮಾನ್ಯವಾಗಬಹುದು. ತನ್ನ ಖಾತೆಯ ಲಾಗಿನ್ ವೆಬ್‌ವ್ಯೂಗಳಲ್ಲಿ ನಡೆಯಕೂಡದೆಂದು ಗೂಗಲ್ 2016ರಲ್ಲೇ ಘೋಷಿಸಿರುವುದರಿಂದ ಆ ಲಿಂಕನ್ನೂ ಹೊರಗಿನ ಬ್ರೌಸರಿಗೇ ಬಿಡಬೇಕು.

ಇಷ್ಟೆಲ್ಲ ಪಾಡು ಏಕೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ್ಯಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ವೆಬ್‌ವ್ಯೂ ತನ್ನ ಯೂಸರ್ ಏಜೆಂಟ್ ವಿವರದಲ್ಲಿ (ಪುಟ ಕೇಳುವಾಗ ಬ್ರೌಸರ್ ಸರ್ವರಿಗೆ ಹೇಳುವ ತನ್ನ ಪರಿಚಯದಲ್ಲಿ) ಆ್ಯಪ್‌ನ ಹೆಸರನ್ನು ಸೇರಿಸಿ ಕಳುಹಿಸುವಂತೆ ಮಾಡಬಹುದು. ಆಗ ಪ್ರತಿ ಪುಟವನ್ನು ಕೇಳುವಾಗಲೂ ಗುರುತು ತಾನಾಗಿ ಹೋಗುತ್ತದೆ, ಲಿಂಕ್‌ಗಳನ್ನು ತಿದ್ದುವ ಕೆಲಸವೇ ಇರುವುದಿಲ್ಲ. ನನ್ನ ಒಲವು ಇದರ ಕಡೆಗೇ. ಆದರೆ ನಡುವೆ ಕ್ಯಾಷ್ (ಒಮ್ಮೆ ಕಳುಹಿಸಿದ ಪುಟದ ಪ್ರತಿಯನ್ನು ಇಟ್ಟುಕೊಂಡು ಮತ್ತೆ ಕೊಡುವ ವ್ಯವಸ್ಥೆ) ಇರುವ ಜಾಲತಾಣಗಳಲ್ಲಿ ಎರಡು ಬಗೆಯ ಪುಟಗಳನ್ನು ಬೇರೆ ಬೇರೆಯಾಗಿ ಇಡದಿದ್ದರೆ ಒಬ್ಬರ ಪುಟ ಇನ್ನೊಬ್ಬರಿಗೆ ಹೋದೀತು. ಸರ್ವರನ್ನು ಮುಟ್ಟುವ ಅಧಿಕಾರವೇ ಇಲ್ಲದ ಗುತ್ತಿಗೆದಾರರಿಗೆ ಲಿಂಕ್ ತಿದ್ದುವುದೊಂದೇ ಗತಿಯೆಂಬುದನ್ನೂ ಒಪ್ಪುತ್ತೇನೆ.

ಹಾಗೆ ತಿದ್ದುವವರು ಹಂಚಿಕೆಯ ಗುಂಡಿಯನ್ನು ಮರೆಯಬಾರದು. ಗುರುತು ಅಂಟಿದ ವಿಳಾಸವೇ ವಾಟ್ಸ್‌ಆ್ಯಪ್‌ನಲ್ಲಿ ಹೋದರೆ, ಅದನ್ನು ಕಂಪ್ಯೂಟರಿನಲ್ಲಿ ತೆರೆದವರಿಗೆ ಮೆನುವೂ ಇಲ್ಲದ, ಮುಖಪುಟಕ್ಕೆ ಹೋಗುವ ದಾರಿಯೂ ಇಲ್ಲದ ಬೋಳು ಪುಟ ಸಿಗುತ್ತದೆ. ಹಂಚುವ ಮೊದಲು ಗುರುತನ್ನು ಕಳಚಬೇಕು.

ಸಾರ್ವಜನಿಕರ ಹಣದಲ್ಲಿ ಆ್ಯಪ್ ಮಾಡಿಸುವ ಇಲಾಖೆಗಳು ಟೆಂಡರ್ ಷರತ್ತಿನಲ್ಲೇ ಇದನ್ನು ಬರೆಯಲಿ: ಆ್ಯಪನ್ನು ಒಪ್ಪಿಕೊಳ್ಳುವ ಮುನ್ನ ಪರೀಕ್ಷೆಯು ಮೊದಲ ಪುಟಕ್ಕೆ ನಿಲ್ಲದೆ, ಹುಡುಕಾಟ, ಅರ್ಜಿ, ಪಾವತಿ ಇವನ್ನೆಲ್ಲ ದಾಟಿ, ಬ್ಯಾಂಕಿನ ಪುಟದಿಂದ ಮರಳಿ ಬಂದು ರಸೀದಿ ಕೈಸೇರುವವರೆಗೆ ನಡೆಯಬೇಕು. ಮರಳುವ ವಿಳಾಸದಲ್ಲಿ ಗುರುತು ಬಿಟ್ಟುಹೋದರೆ, ಹಣ ಕಟ್ಟಿದವರ ಮುಂದೆ ರಸೀದಿಯ ಬದಲು ಲಾಗಿನ್ ಪುಟ ಬಂದು ನಿಲ್ಲುವ ಸಾಧ್ಯತೆಯೂ ಇದೆ.

ಇತಿ,
ಜಾಲತಾಣ ನಿರ್ವಾಹಕ, ಹುಬ್ಬಳ್ಳಿ